ಬ್ರೇಕ್‌ನ ಬ್ಲೀಡರ್ ನಿಪ್ಪಲ್ ಮುರಿದರೆ ಮನೆಯಲ್ಲಿ ಏನು ಮಾಡಬಹುದು, ಏನು ಮಾಡಬಾರದು

ಮಳೆ ಶುರುವಾಗುವ ಮುಂಚೆ ಬ್ರೇಕ್ ಆಯಿಲ್ ಬದಲಾಯಿಸೋಣ ಅಂತ ಕಳೆದ ಮೇ ತಿಂಗಳಲ್ಲಿ ನಮ್ಮ ಹಳೇ ಓಮ್ನಿಯನ್ನು ಕಾಫಿ ಕಣಕ್ಕೆ ತಂದು ನಿಲ್ಲಿಸಿದೆ. ಸಿದ್ದಾಪುರದ ಕಡೆ ನಮ್ಮ ತೋಟದಲ್ಲಿ ಜಾಕ್ ಹಾಕಲು ಮಟ್ಟಸವಾದ ಜಾಗ ಅಂದರೆ ಆ ಕಣ ಒಂದೇ. ಹಿಂದಿನ ಎಡ ಚಕ್ರ ಬಿಚ್ಚಿ, ಹಳೇ ಆಯಿಲನ್ನೂ ಗಾಳಿಯನ್ನೂ ಹೊರಗೆ ಬಿಡುವ ಸಣ್ಣ ಸ್ಕ್ರೂ ಆದ ಬ್ಲೀಡರ್ ನಿಪ್ಪಲ್‌ಗೆ ಸ್ಪ್ಯಾನರ್ ಕೊಟ್ಟು ಎಳೆದೆ. ಅಲುಗಾಡಲಿಲ್ಲ. ಇನ್ನೂ ಸ್ವಲ್ಪ ಎಳೆದಾಗ ಮೆತ್ತಗೆ, ರಬ್ಬರ್ ತಿರುಚಿದ ಹಾಗೆ ಬಂತು. ಅಂತೂ ಸಡಿಲ ಆಯಿತು ಅಂದುಕೊಂಡೆ. ಮರುಕ್ಷಣ ಟಕ್ ಅಂತು, ನಿಪ್ಪಲ್‌ನ ತಲೆ ಸ್ಪ್ಯಾನರ್ ಜೊತೆಗೇ ಕೈಗೆ ಬಂತು.

ಆ ಮೆತ್ತಗೆ ಬಂದ ಹಾಗೆ ಅನಿಸುವುದಿದೆಯಲ್ಲ, ಅಲ್ಲೇ ಕೈ ನಿಲ್ಲಿಸಬೇಕು. ಆಗ ತ್ರೆಡ್ ತಿರುಗುತ್ತಿರುವುದಿಲ್ಲ, ನಿಪ್ಪಲ್‌ನ ಮೈ ತಿರುಚಿಕೊಳ್ಳುತ್ತಿರುತ್ತದೆ. ಕಾರಣ ಸರಳ, ಅದು ಗಟ್ಟಿ ಬೋಲ್ಟ್ ಅಲ್ಲ. ನಡುವೆ ಉದ್ದಕ್ಕೂ ತೂತು, ಕೆಳಗೆ ಅಡ್ಡಕ್ಕೆ ಇನ್ನೊಂದು ಸಣ್ಣ ತೂತು, ತುದಿ ಪೆನ್ಸಿಲ್ ಮೊನೆಯಂತೆ ಚೂಪು. ಆ ಚೂಪು ತುದಿ ಒಳಗಿನ ಸೀಟಿಗೆ ಒತ್ತಿ ಕೂತಾಗ ಆಯಿಲ್ ನಿಲ್ಲುತ್ತದೆ. ತ್ರೆಡ್ ಬರೀ ಹಿಡಿದುಕೊಳ್ಳಲು ಇರುವುದು, ಸೋರದಂತೆ ತಡೆಯುವುದು ಸೀಟು. ಇದೊಂದು ತಲೆಯಲ್ಲಿ ಇದ್ದರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ನಮ್ಮಲ್ಲಿ ಇದು ಜಾಸ್ತಿ ಮುರಿಯಲು ಮಳೆ ಒಂದು ಕಾರಣ, ತೋಟದ ದಾರಿಯ ಕೆಸರು ಇನ್ನೊಂದು. ನಿಪ್ಪಲ್ ಮೇಲಿನ ಸಣ್ಣ ರಬ್ಬರ್ ಟೋಪಿ ಎಲ್ಲೋ ಬಿದ್ದು ಹೋಗಿರುತ್ತದೆ, ಯಾರೂ ಗಮನಿಸಿರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೂತಿನೊಳಗೆ ನೀರು ಕೂತು ಒಳಗಿನಿಂದಲೂ ತುಕ್ಕು ಹಿಡಿಯುತ್ತದೆ. ಹಾಗಂತ ಬ್ರೇಕ್ ಆಯಿಲ್ ಬದಲಾಯಿಸದೆ ಬಿಡುವ ಹಾಗೂ ಇಲ್ಲ. ಆ ಆಯಿಲ್ ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದೆ. ಡಾಟ್ 3 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕಡಿಮೆ ಅಂದರೂ 205 ಡಿಗ್ರಿಯವರೆಗೆ ಕುದಿಯಬಾರದು ಅಂತ ನಿಯಮ. ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಮಡಿಕೇರಿಯಿಂದ ಸಂಪಾಜೆಗೋ, ವಿರಾಜಪೇಟೆಯಿಂದ ಮಾಕುಟ್ಟಕ್ಕೋ ಇಳಿಯುವಾಗ ಪ್ರತಿ ತಿರುವಿನಲ್ಲೂ ಬ್ರೇಕ್ ಒತ್ತುತ್ತೇವೆ ಅಲ್ವಾ, ಆ ಬಿಸಿಗೆ ಹಳೇ ಆಯಿಲ್ ಕುದಿದು ಗುಳ್ಳೆ ಎದ್ದರೆ ಪೆಡಲ್ ಸೀದಾ ತಳಕ್ಕೆ ಹೋಗುತ್ತದೆ.

ನಿಪ್ಪಲ್ ಇನ್ನೂ ಮುರಿದಿಲ್ಲ ಅಂದರೆ ನಿಮ್ಮ ಕೈಯಲ್ಲಿ ಸಮಯವಿದೆ, ಆತುರ ಬೇಡ. ಹಿಂದಿನ ದಿನ ಸಂಜೆಯೇ ವೈರ್ ಬ್ರಷ್‌ನಿಂದ ಬುಡದ ಕೆಸರು ತೆಗೆದು, ತುಕ್ಕು ಬಿಡಿಸುವ ಸ್ಪ್ರೇ ಸ್ವಲ್ಪವೇ ಸ್ವಲ್ಪ ಹೊಡೆದು ರಾತ್ರಿಯಿಡೀ ಬಿಡಿ. ಅದು ಬ್ರೇಕ್ ಲೈನರ್ ಮೇಲೆ ಬೀಳಬಾರದು. ಬೆಳಿಗ್ಗೆ ನಿಪ್ಪಲ್ ತಲೆಗೆ ನೇರವಾಗಿ ಸಣ್ಣ ಸುತ್ತಿಗೆಯಿಂದ ಹತ್ತಿಪ್ಪತ್ತು ಸಲ ಮೆಲ್ಲಗೆ ತಟ್ಟಿ. ತುಕ್ಕು ಬಿರುಕು ಬಿಡುವುದು ಈ ತಟ್ಟಿನಿಂದಲೇ. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 8 ಅಥವಾ 10 ಎಂಎಂ ಸ್ಪ್ಯಾನರ್ ಬೇಕಾಗುತ್ತದೆ. ಆರು ಮೂಲೆಯ ಬಾಕ್ಸ್ ಸಾಕೆಟ್ಟೇ ಹಾಕಿ, ಹನ್ನೆರಡು ಮೂಲೆಯ ರಿಂಗ್ ಆದರೆ ತಲೆ ಸವೆದು ದುಂಡಗಾಗುತ್ತದೆ. ಮೊದಲು ಒಂದು ಕೂದಲೆಳೆಯಷ್ಟು ಬಿಗಿ ಮಾಡುವ ಕಡೆಗೆ ತಿರುಗಿಸಿ, ಆಮೇಲೆ ಸಡಿಲ ಮಾಡಿ. ಹಿಂದೆ ಮುಂದೆ, ಹಿಂದೆ ಮುಂದೆ. ರಬ್ಬರ್ ತಿರುಚಿದ ಹಾಗೆ ಅನಿಸಿತೋ, ನಿಲ್ಲಿಸಿ ಮತ್ತೆ ಸ್ಪ್ರೇ ಹೊಡೆದು ಇನ್ನೊಂದು ದಿನ ಕಾಯಿರಿ.

ಮುರಿದೇ ಹೋಯಿತು ಅನ್ನಿ. ಮೊದಲು ಸೋರುತ್ತಿದೆಯಾ ನೋಡಿ. ಇಂಜಿನ್ ಸ್ಟಾರ್ಟ್ ಮಾಡಿ ಒಬ್ಬರು ಪೆಡಲನ್ನು ಗಟ್ಟಿಯಾಗಿ ಒಂದು ನಿಮಿಷ ಒತ್ತಿ ಹಿಡಿಯಲಿ, ಇನ್ನೊಬ್ಬರು ಟಾರ್ಚ್ ಹಿಡಿದು ಮುರಿದ ಜಾಗ ನೋಡಲಿ. ಪೆಡಲ್ ಕೆಳಗೆ ಇಳಿಯದೆ, ಒಂದು ಹನಿಯೂ ಕಾಣದೆ ಇದ್ದರೆ ತುದಿ ಇನ್ನೂ ಸೀಟಿನಲ್ಲೇ ಕೂತಿದೆ ಅಂತ ಅರ್ಥ. ಆಗ ಹತ್ತಿರದ ಲೇತ್ ಅಂಗಡಿಗೆ ನಿಧಾನವಾಗಿ ಹೋಗಬಹುದು, ಘಾಟ್ ಇಳಿಯುವುದು ಮಾತ್ರ ಬೇಡ. ಒದ್ದೆ ಕಂಡರೆ ವಾಹನ ಅಲ್ಲೇ ಇರಲಿ. ಎಂ-ಸೀಲ್ ಮೆತ್ತುವುದು, ಟೆಫ್ಲಾನ್ ಟೇಪ್ ಸುತ್ತುವುದು, ತೂತಿಗೆ ಮೊಳೆ ಹೊಡೆಯುವುದು ಯಾವುದೂ ಬೇಡ. ಜೋರಾಗಿ ಬ್ರೇಕ್ ಹಾಕಿದಾಗ ಆ ಪೈಪಿನಲ್ಲಿ ಬರುವ ಒತ್ತಡ ಟಯರ್ ಗಾಳಿಯ ಮೂವತ್ತು ಪಟ್ಟಿಗಿಂತ ಜಾಸ್ತಿ. ಅಂಟು ಅಲ್ಲಿ ನಿಲ್ಲುವುದಿಲ್ಲ.

ಮುಂದೇನು ಅನ್ನುವುದು ಯಾವ ಚಕ್ರ ಅನ್ನುವುದರ ಮೇಲೆ ಹೋಗುತ್ತದೆ. ಹಿಂದೆ ಡ್ರಮ್ ಬ್ರೇಕ್ ಆಗಿದ್ದರೆ ನನ್ನ ಮಾತು ಒಂದೇ, ಮುರಿದ ತುಂಡು ತೆಗೆಯಲು ಒದ್ದಾಡಬೇಡಿ, ನಿಪ್ಪಲ್ ಕೂತಿರುವ ವೀಲ್ ಸಿಲಿಂಡರನ್ನೇ (ಆಯಿಲ್ ಒತ್ತಡದಿಂದ ಲೈನರನ್ನು ಡ್ರಮ್ಮಿಗೆ ಒತ್ತುವ ಭಾಗ) ಹೊಸದು ಹಾಕಿ. ಅದು ಅಗ್ಗದ ಸಾಮಾನು, ಹೊಸ ನಿಪ್ಪಲ್ ಜೊತೆಗೇ ಬರುತ್ತದೆ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಗೇರಿನಲ್ಲಿ ಬಿಟ್ಟು, ಗಾಡಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಆಮೇಲೆ ಹ್ಯಾಂಡ್‌ಬ್ರೇಕ್ ಬಿಡಿ. ಡ್ರಮ್ ಕಚ್ಚಿಕೊಂಡಿದ್ದರೆ ಅದರ ಮುಖದಲ್ಲಿ ತ್ರೆಡ್ ಇರುವ ಎರಡು ತೂತು ಇದೆಯಾ ನೋಡಿ, ಇದ್ದರೆ ಎರಡಕ್ಕೂ ಬೋಲ್ಟ್ ಹಾಕಿ ಸಮವಾಗಿ ಬಿಗಿ ಮಾಡುತ್ತಾ ಹೋದರೆ ಡ್ರಮ್ ತಾನೇ ಹೊರಗೆ ಬರುತ್ತದೆ. ಒಳಗಿನ ಧೂಳನ್ನು ಬಾಯಿಂದ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಬ್ರೇಕ್ ಪೈಪಿನ ನಟ್ಟೂ ತುಕ್ಕು ಹಿಡಿದಿರುತ್ತದೆ, ಅದಕ್ಕೂ ಹಿಂದಿನ ದಿನವೇ ಸ್ಪ್ರೇ ಹೊಡೆದಿಡಿ. ನಟ್ ಜೊತೆ ಪೈಪೂ ತಿರುಗುತ್ತಿದ್ದರೆ ಅಲ್ಲೇ ನಿಲ್ಲಿಸಿ, ಪೈಪ್ ಮುರಿದರೆ ಕೆಲಸ ಎರಡಾಗುತ್ತದೆ. ಬಿಚ್ಚಿದ ಪೈಪಿನ ತುದಿಗೆ ನಿಪ್ಪಲ್‌ನ ರಬ್ಬರ್ ಟೋಪಿಯನ್ನೇ ಹಾಕಿದರೆ ಆಯಿಲ್ ಸುರಿಯುವುದಿಲ್ಲ. ನಾನು ಹೀಗೇ ಮಾಡಿದೆ. ಗೋಣಿಕೊಪ್ಪಕ್ಕೆ ಹೋಗಿ ಸಿಲಿಂಡರ್ ತರುವವರೆಗೂ ಕಣದಲ್ಲಿ ಒಂದು ಹನಿ ಬಿದ್ದಿರಲಿಲ್ಲ. ಆದರೂ ಕೆಳಗೆ ಪ್ಲಾಸ್ಟಿಕ್ ಹಾಸಿಯೇ ಇಟ್ಟಿದ್ದೆ. ಕಾಫಿ ಒಣಗಿಸುವ ಜಾಗ ಅದು, ಮೇಲಾಗಿ ಈ ಆಯಿಲ್ ಪೇಂಟಿನ ಮೇಲೆ ಬಿದ್ದರೂ ಕಿತ್ತು ಹಾಕುತ್ತದೆ. ಬಿದ್ದರೆ ತಕ್ಷಣ ನೀರು ಸುರಿದು ತೊಳೆಯಿರಿ.

ಮುಂದಿನ ಡಿಸ್ಕ್ ಬ್ರೇಕಿನ ಕ್ಯಾಲಿಪರ್ (ಡಿಸ್ಕನ್ನು ಎರಡೂ ಕಡೆಯಿಂದ ಹಿಡಿಯುವ ಭಾಗ) ಆದರೆ ಬೆಲೆ ಜಾಸ್ತಿ, ಹಾಗಾಗಿ ತುಂಡು ತೆಗೆಯಲು ಒಂದು ಪ್ರಯತ್ನ ಮಾಡಬಹುದು. ಸ್ವಲ್ಪ ಹೊರಗೆ ಚಾಚಿದ್ದರೆ ನಡುವಿನ ತೂತಿಗೆ ಸರಿಯಾಗಿ ಕೂರುವ ಡ್ರಿಲ್ ಬಿಟ್‌ನ ಹಿಂಭಾಗವನ್ನು ತೂರಿಸಿ, ಹೊರಗಿನಿಂದ ಗ್ರಿಪ್ ಪ್ಲೈಯರ್‌ನಲ್ಲಿ ಬಿಗಿಯಾಗಿ ಹಿಡಿದು ತಿರುಗಿಸಿ. ಒಳಗೆ ಆಧಾರ ಇಲ್ಲದಿದ್ದರೆ ಪೊಳ್ಳು ಮೈ ಚಪ್ಪಟೆಯಾಗಿ ಪುಡಿಯಾಗುತ್ತದೆ. ಮಟ್ಟಕ್ಕೆ ಮುರಿದಿದ್ದರೆ ತುಂಡಿನ ತೂತಿಗೆ ಕಚ್ಚಿಸಿ ತಿರುಗಿಸುವ ಎಕ್ಸ್‌ಟ್ರಾಕ್ಟರ್ ಇದೆ, ಆದರೆ ನಾನು ಅದನ್ನು ಅಷ್ಟಾಗಿ ನಂಬುವುದಿಲ್ಲ. ಅದು ತೆಳು ಗೋಡೆಯನ್ನು ಅಗಲ ಮಾಡಿ ಇನ್ನೂ ಬಿಗಿ ಮಾಡುತ್ತದೆ, ಒಳಗೇ ಮುರಿದರೆ ಅದರ ಗಟ್ಟಿ ಉಕ್ಕನ್ನು ಮಾಮೂಲಿ ಡ್ರಿಲ್ ಕೊರೆಯುವುದೂ ಇಲ್ಲ. ಅದಕ್ಕಿಂತ ಕ್ಯಾಲಿಪರ್ ಬಿಚ್ಚಿ, ಪಿಸ್ಟನ್ ಮತ್ತು ಸೀಲ್ ತೆಗೆದು, ಆಯಿಲ್ ಪೂರ್ತಿ ಒರೆಸಿ ಲೇತ್ ಅಂಗಡಿಗೆ ಕೊಡಿ. ಅವರು ಮುರಿದ ತುಂಡಿನ ಮೇಲೆ ಒಂದು ನಟ್ ಇಟ್ಟು ವೆಲ್ಡ್ ಮಾಡಿ ಬಿಚ್ಚಬಹುದು, ಆ ಬಿಸಿಗೇ ತುಕ್ಕು ಬಿಟ್ಟುಕೊಡುತ್ತದೆ. ಬ್ರೇಕ್ ಕ್ಲೀನರ್ ಹೊಡೆದ ಸಾಮಾನನ್ನು ಬೆಂಕಿಯ ಹತ್ತಿರ ತರಬೇಡಿ. ಕೆಲವು ಕ್ಲೀನರ್‌ಗಳಲ್ಲಿ ಕ್ಲೋರಿನ್ ಸೇರಿದ ರಾಸಾಯನಿಕ ಇರುತ್ತದೆ, ಅದು ಕಾದರೆ ಫಾಸ್ಜೀನ್ ಅನ್ನುವ ವಿಷಗಾಳಿ ಬರುತ್ತದೆ.

ಡ್ರಿಲ್ ಹೊಡೆದೇ ತೆಗೆಯಬೇಕು ಅಂದರೆ ಒಂದು ಮಾತನ್ನು ಅವರಿಗೂ ಹೇಳಿ, ಡ್ರಿಲ್ ಸೀಟಿಗೆ ಮುಟ್ಟಬಾರದು. ಕೆಲಸ ಮುಗಿದ ಮೇಲೆ ಟಾರ್ಚ್ ಬಿಟ್ಟು ಒಳಗೆ ನೋಡಿ. ತಳದಲ್ಲಿ ಇಳಿಜಾರಾದ ಉಂಗುರ ನುಣ್ಣಗೆ, ಗೀರಿಲ್ಲದೆ ಹೊಳೆಯಬೇಕು. ಅಲ್ಲಿ ಗೆರೆ ಬಿದ್ದಿದ್ದರೆ ಎಷ್ಟು ಒಳ್ಳೆಯ ನಿಪ್ಪಲ್ ಹಾಕಿದರೂ ಸೋರುತ್ತದೆ, ಆ ಕ್ಯಾಲಿಪರ್ ಬದಲಾಯಿಸಲೇಬೇಕು.

ಹೊಸ ನಿಪ್ಪಲ್ ಹಾಕುವಾಗ ತ್ರೆಡ್‌ನ ಮೇಲುಭಾಗಕ್ಕೆ ಮಾತ್ರ ಬ್ರೇಕ್‌ಗೆ ಅಂತಲೇ ಬರುವ ರಬ್ಬರ್ ಗ್ರೀಸ್ ತೆಳುವಾಗಿ ಹಚ್ಚಿ. ಚೂಪು ತುದಿಗೂ ಅಡ್ಡ ತೂತಿಗೂ ತಾಗಬಾರದು. ಮಾಮೂಲಿ ಬೇರಿಂಗ್ ಗ್ರೀಸ್ ಬೇಡ, ಅದು ಒಳಗೆ ಹೋದರೆ ಸೀಲ್ ಉಬ್ಬಿ ಹಾಳಾಗುತ್ತದೆ. ಬಿಗಿ ಮಾಡಲು ಸಣ್ಣ ಸ್ಪ್ಯಾನರನ್ನು ಎರಡು ಬೆರಳಲ್ಲಿ ಎಳೆದಷ್ಟು ಸಾಕು.

ಏರ್ ತೆಗೆಯುವುದು ಎಲ್ಲರಿಗೂ ಗೊತ್ತಿರುವುದೇ. ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್ ಹಾಕಿ, ಅದರ ತುದಿ ಬಾಟಲಿಯ ಆಯಿಲ್‌ನಲ್ಲಿ ಮುಳುಗಿರಲಿ. ನಮ್ಮ ಮನೆಯಲ್ಲಿ ತಮ್ಮ ಪೆಡಲ್ ಮೇಲೆ ಕೂರುತ್ತಾನೆ, ನಾನು ಕೆಳಗೆ. "ಒತ್ತು" ಅಂದಾಗ ಒತ್ತಿ ಹಿಡಿಯುತ್ತಾನೆ, ನಾನು ಸಡಿಲ ಮಾಡಿ ಮತ್ತೆ ಬಿಗಿ ಮಾಡಿದ ಮೇಲೆ "ಬಿಡು" ಅನ್ನುತ್ತೇನೆ. ಬಿಗಿ ಮಾಡುವ ಮುಂಚೆ ಕಾಲು ತೆಗೆದರೆ ಗಾಳಿ ವಾಪಸ್ ಒಳಗೆ ಹೋಗುತ್ತದೆ. ಮೇಲಿನ ಡಬ್ಬಿಯಲ್ಲಿ ಆಯಿಲ್ ಖಾಲಿಯಾಗಲು ಬಿಡಬೇಡಿ.

ಮುಗಿದ ಮೇಲೆ ಪೆಡಲ್ ಎತ್ತರದಲ್ಲೇ, ಕಲ್ಲಿನ ಹಾಗೆ ನಿಲ್ಲಬೇಕು. ಮೆತ್ತಗಿದ್ದರೆ ಇನ್ನೂ ಗಾಳಿ ಇದೆ, ಮತ್ತೆ ತೆಗೆಯಿರಿ. ಮೊದಲು ತೋಟದ ಒಳಗೇ ನಿಧಾನವಾಗಿ ಓಡಿಸಿ ನೋಡಿ. ಮಾರನೇ ಬೆಳಿಗ್ಗೆ ಟಯರಿನ ಒಳಮೈ ಮತ್ತು ನಿಪ್ಪಲ್ ಬುಡಕ್ಕೆ ಒಣ ಕಾಗದ ಒತ್ತಿ ನೋಡಿ. ಕಾಗದ ಒಣಗಿಯೇ ಬಂದರೆ ಹೊಸ ರಬ್ಬರ್ ಟೋಪಿ ಹಾಕಿ. ಹಾಗೆಯೇ ಉಳಿದ ಮೂರು ಚಕ್ರಗಳ ನಿಪ್ಪಲ್‌ಗೂ ಟೋಪಿ ಇದೆಯಾ ಅಂತ ಅವತ್ತೇ ನೋಡಿಬಿಡಿ.