ಬಿಸಿಲೆ ಕಡೆಯ ಕೆಸರಿನಿಂದ ಜೀಪು ಹೊರಬಂದ ಬಗೆ

ಕಳೆದ ಮಳೆಗಾಲದಲ್ಲಿ ಸಕಲೇಶಪುರ ತಾಲ್ಲೂಕಿನ ಬಿಸಿಲೆ ಕಡೆಯ ತೋಟದ ಹಾದಿಯೊಂದರಲ್ಲಿ ನಮ್ಮ ಜೀಪಿನ ಹಿಂದಿನ ಚಕ್ರಗಳೆರಡೂ ಹೂತುಹೋದವು. ಫೋರ್ ವೀಲ್ ಲೋ (ನಾಲ್ಕೂ ಚಕ್ರಗಳಿಗೆ ಬಲ ಕೊಡುವ ನಿಧಾನದ ಗೇರು) ಹಾಕಿ ಆಕ್ಸಿಲರೇಟರ್ ಒತ್ತಿದಷ್ಟೂ ಅವು ನಿಂತಲ್ಲೇ ತಿರುಗಿ, ಕೆಂಪು ರಾಡಿಯನ್ನು ಎರಚುತ್ತಾ ಇನ್ನಷ್ಟು ಆಳಕ್ಕಿಳಿದವು. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಜೊತೆಗಿದ್ದ ಭಾವ, "ಇನ್ನು ಒತ್ತಬೇಡ ಮಾರಾಯ, ಚಾಸಿ (ಗಾಡಿಯ ತಳದ ಚೌಕಟ್ಟು) ನೆಲಕ್ಕೆ ಕೂರುತ್ತದೆ" ಎಂದು ತಡೆದದ್ದೇ ಒಳ್ಳೆಯದಾಯಿತು.

ಮೊದಲು ನಾಲ್ಕೂ ಟೈರುಗಳ ಗಾಳಿಯ ಒತ್ತಡವನ್ನು 30 ಪಿಎಸ್‌ಐನಿಂದ 18ಕ್ಕೆ ಇಳಿಸಿದೆ. ಗಾಳಿ ಕಡಿಮೆಯಾದ ಟೈರು ನೆಲವನ್ನು ಹೆಚ್ಚು ಉದ್ದಕ್ಕೆ ಅಪ್ಪಿಕೊಳ್ಳುವುದರಿಂದ ಭಾರ ಹಂಚಿಹೋಗಿ ಹಿಡಿತ ಸಿಗುತ್ತದೆ. ಬರಿಯ ಜಾಕ್ ಇಟ್ಟಾಗ ಅದೇ ಮಣ್ಣಿನೊಳಗೆ ಇಳಿಯಿತು. ಕೆಳಗೆ ದಪ್ಪ ಹಲಗೆ ಕೊಟ್ಟ ಮೇಲೆಯೇ ಚಕ್ರ ಎದ್ದಿತು. ಗುಂಡಿಗೆ ಕಲ್ಲು ತುಂಬಿ, ಮೇಲೆ ಕಾಫಿ ಗೋಣಿಚೀಲ ಹಾಸಿ, ಚಕ್ರದ ಮುಂದಿನ ಮಣ್ಣನ್ನು ಗುದ್ದಲಿಯಿಂದ ಇಳಿಜಾರಾಗಿ ಕೆತ್ತಿದೆವು. ಎರಡನೇ ಗೇರಿನಲ್ಲಿ ನಿಧಾನವಾಗಿ ಕ್ಲಚ್ ಬಿಟ್ಟಾಗ ಜೀಪು ಗೋಣಿಯನ್ನು ಕಚ್ಚಿಕೊಂಡು ಮೇಲೆ ಬಂದಿತು.

ಅಂದಿನಿಂದ ಗುದ್ದಲಿ, ಹಲಗೆ, ಗಾಳಿ ಅಳೆಯುವ ಗೇಜು ಮತ್ತು ಆರು ಗೋಣಿಗಳು ಜೀಪಿನಲ್ಲೇ ಇರುತ್ತವೆ. ಕಡಿಮೆ ಗಾಳಿಯಲ್ಲಿ ಟಾರು ರಸ್ತೆಯ ಮೇಲೆ ವೇಗವಾಗಿ ಓಡಿದರೆ ಟೈರು ಕಾದು ಹಾಳಾಗುವುದರಿಂದ, ಮತ್ತೆ ಗಾಳಿ ತುಂಬಲು ಬ್ಯಾಟರಿಗೆ ಸಿಕ್ಕಿಸುವ ಸಣ್ಣ ಕಂಪ್ರೆಸರನ್ನೂ ಕೊಂಡೆ. ಎಳೆಯುವ ಹಗ್ಗವನ್ನು ಬಂಪರಿಗೆ ಕಟ್ಟುವುದನ್ನು ಮಾತ್ರ ನಾನು ಎಂದಿಗೂ ಒಪ್ಪುವುದಿಲ್ಲ. ಬಂಪರ್ ಕಿತ್ತು ಹಾರಿದರೆ ಜೀವಕ್ಕೇ ಅಪಾಯ. ಚಾಸಿಗೆ ಬೋಲ್ಟ್ ಮಾಡಿದ ಕೊಕ್ಕೆಗೇ ಹಾಕಬೇಕು, ಎಳೆಯುವಾಗ ಹಗ್ಗದ ನೇರಕ್ಕೆ ಯಾರೂ ನಿಲ್ಲಬಾರದು.