ಬಂಗಾರ ಅಡವಿಡುವಾಗ ಎಲ್ಲವನ್ನೂ ಒಂದೇ ಗಂಟು ಮಾಡಬೇಡಿ

ಬ್ಯಾಂಕಿನಲ್ಲಿ ಬಂಗಾರ ಅಡವಿಡುವಾಗ ಎಲ್ಲ ಒಡವೆಗಳನ್ನೂ ಒಂದೇ ಸಾಲಕ್ಕೆ ಕೊಡಬೇಡಿ. ಕೈಯ ಬಿಲ್ವಾರಕ್ಕೊಂದು, ಕೊರಳ ಸರಕ್ಕೊಂದು ಎಂದು ಬೇರೆ ಬೇರೆ ಸಾಲ ಮಾಡಿಸಿ. ಒಂದು ಸಾಲದ ಒಡವೆಗಳೆಲ್ಲ ಮೊಹರು ಹಾಕಿದ ಒಂದೇ ಪೊಟ್ಟಣಕ್ಕೆ ಹೋಗುತ್ತವೆ. ಸಾಲ ಪೂರ್ತಿ ತೀರುವವರೆಗೆ ಸಾಮಾನ್ಯವಾಗಿ ಅದನ್ನು ಬಿಚ್ಚುವುದಿಲ್ಲ. ಬೇರೆಯಾಗಿದ್ದರೆ, ಬ್ಯಾಡಗಿಯಲ್ಲಿ ಮೊದಲ ಕೊಯ್ಲಿನ ಮೆಣಸಿನಕಾಯಿ ಮಾರಿದ ದುಡ್ಡಿನಲ್ಲೇ ಮಗಳ ಕುಬಸಕ್ಕೆ (ಸೀಮಂತಕ್ಕೆ) ಬೇಕಾದ ಬಿಲ್ವಾರವನ್ನಷ್ಟೇ ಬಿಡಿಸಿಕೊಳ್ಳಬಹುದು. ಬಂಗಾರದ ಪರೀಕ್ಷೆಯ ಶುಲ್ಕ ಪ್ರತಿ ಸಾಲಕ್ಕೂ ಬೀಳುವುದರಿಂದ ಅರ್ಧ ತೊಲೆಯ ಜುಮುಕಿಗೆ ಈ ಉಪಾಯ ದಂಡ. ಒಂದು ಸಾಲ ಬಾಕಿಯಿದ್ದರೆ ಇನ್ನೊಂದರ ಒಡವೆಯನ್ನೂ ತಡೆಹಿಡಿಯಬಹುದು ಎಂಬ ಷರತ್ತು ಪತ್ರದಲ್ಲಿದ್ದರಂತೂ ಪ್ರಯೋಜನವೇ ಇಲ್ಲ. ಸಹಿಗೆ ಮುಂಚೆಯೇ ಕೇಳಿ. ಅರಗು ತುಂಬಿದ ಬೋರಮಾಳವನ್ನು ಮನೆಯಲ್ಲೇ ಬಿಡಿ: ಅರಗಿನ ತೂಕ ಕಳೆದ ಮೇಲೆ ಸಿಗುವುದು ಪುಡಿಗಾಸು.