ಬೆರಳಿಲ್ಲದ ಗ್ಲೌಸ್: ಎರಡು ಕಡ್ಡಿಯಲ್ಲಿ, ಎಡ-ಬಲದ ಗೊಂದಲವಿಲ್ಲದೆ

ಪುಣೆಯಲ್ಲಿ ಡಿಸೆಂಬರ್ ಹೊಕ್ಕಿತೆಂದರೆ ಬೆಳಗಿನ ಚಳಿ 10 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಬೆಳಗಿನ ವಾಕಿಂಗ್‌ಗೆ ಹೋಗುವವರಿಗೆ, ಹಿಂಜವಡಿಯ ಎಸಿ ಆಫೀಸಿನಲ್ಲಿ ದಿನವಿಡೀ ಕೀಬೋರ್ಡ್ ಒತ್ತುವವರಿಗೆ ಅಂಗೈ ಬೆಚ್ಚಗಿರಬೇಕು, ಬೆರಳು ಮಾತ್ರ ಬಿಡುವಾಗಿರಬೇಕು. ಅದಕ್ಕೆ ಬೆರಳಿಲ್ಲದ ಗ್ಲೌಸೇ ಸರಿ. ಸ್ಕೂಟರ್ ಓಡಿಸಲು ಮಾತ್ರ ಇದು ಬೇಡ. ಉಲ್ಲನ್ ಗ್ಲೌಸು ಹಿಡಿಕೆಯ ಮೇಲೆ ಜಾರುತ್ತದೆ, ಗಾಳಿ ತೂರಿಬರುತ್ತದೆ, ಬಿದ್ದರೆ ಕೈಗೆ ರಕ್ಷಣೆಯೂ ಇಲ್ಲ.

ಇಲ್ಲಿ ಹೇಳುವ ವಿಧಾನದಲ್ಲಿ ಹೊಲಿಗೆ ಕಿರುಬೆರಳಿನ ಬದಿಗೆ ಬರುತ್ತದೆ, ಹೆಬ್ಬೆರಳು ತುಂಡಿನ ನಟ್ಟನಡುವೆ. ಹಾಗಾಗಿ ಎರಡು ಗ್ಲೌಸೂ ಒಂದೇ ಲೆಕ್ಕ, ಯಾವುದನ್ನು ಯಾವ ಕೈಗೆ ಹಾಕಿದರೂ ಆಯಿತು.

ಬೇಕಾದದ್ದು ಮಧ್ಯಮ ದಪ್ಪದ 4 ಪ್ಲೈ (ನಾಲ್ಕೆಳೆಯ) ಉಲ್ಲನ್, ಒಂದು ಜೊತೆಗೆ ಸುಮಾರು 50 ಗ್ರಾಂ. ಉಂಡೆ ಚಿಕ್ಕದಿದ್ದರೆ ಬೇಕಾದಷ್ಟನ್ನೂ ಒಂದೇ ಸಲ ಕೊಳ್ಳಿ, ಲೇಬಲ್ ಮೇಲಿನ ಲಾಟ್ ನಂಬರ್ ಒಂದೇ ಇದೆಯೇ ನೋಡಿ. ಲಾಟ್ ಬೇರೆಯಾದರೆ ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಂದೇ ಬಣ್ಣ ಕಂಡದ್ದು ಬಿಸಿಲಲ್ಲಿ ಎರಡಾಗಿ ಕಾಣುತ್ತದೆ. ಪುಣೆಯ ತುಳಶೀಬಾಗ್‌ನಲ್ಲೋ ರವಿವಾರ ಪೇಟೆಯ ಬೋಹರಿ ಆಳಿಯಲ್ಲೋ ಮರಾಠಿಯಲ್ಲಿ ‘ಲೋಕರ್’ (ಉಣ್ಣೆ) ಎಂದು ಕೇಳಿದರೆ ತೋರಿಸುತ್ತಾರೆ. ಕಡ್ಡಿ ಎರಡು ಜೊತೆ ಬೇಕು: ಬಾರ್ಡರ್‌ಗೆ 10 ನಂಬರ್, ಅಂದರೆ 3.25 ಮಿ.ಮೀ.; ಉಳಿದದ್ದಕ್ಕೆ 8 ನಂಬರ್, ಅಂದರೆ 4 ಮಿ.ಮೀ. ನಮ್ಮಲ್ಲಿ ನಡೆಯುವುದು ಬ್ರಿಟಿಷರ ಹಳೆಯ ಲೆಕ್ಕ, ನಂಬರ್ ಹೆಚ್ಚಾದಷ್ಟೂ ಕಡ್ಡಿ ಸಣ್ಣ. ಯೂಟ್ಯೂಬ್‌ನಲ್ಲಿ ಅಮೆರಿಕದವರು 8 ಎಂದರೆ ಅದು 5 ಮಿ.ಮೀ. ಕಡ್ಡಿ. ಆದ್ದರಿಂದ ಮಿ.ಮೀ.ಯನ್ನೇ ನಂಬಿ. ಇವಲ್ಲದೆ ಮೊಂಡು ತುದಿಯ ದಪ್ಪ ಸೂಜಿ ಒಂದು, ದೊಡ್ಡ ಸೇಫ್ಟಿ ಪಿನ್ ಎರಡು, ಗುರುತಿಗೆ ಬೇರೆ ಬಣ್ಣದ ದಾರದ ತುಂಡು. ಮುಂಬೈ, ಗೋವಾದ ಸೆಕೆಗೆ ಬೆವರಿದ ಕೈಯಲ್ಲಿ ಅಲ್ಯೂಮಿನಿಯಂ ಕಡ್ಡಿ ಜಾರುತ್ತಿದ್ದರೆ ಬಿದಿರಿನದು ತನ್ನಿ. ಲೋಕಲ್ ಟ್ರೇನಿನಲ್ಲಿ ಹೆಣೆಯುವವರು ಸರ್ಕ್ಯುಲರ್ ಕಡ್ಡಿಯಲ್ಲೇ (ಬಳುಕುವ ತಂತಿಯಿಂದ ಜೋಡಿಸಿದ ಎರಡು ಗಿಡ್ಡ ಕಡ್ಡಿ) ಹಿಂದೆಮುಂದೆ ಹೆಣೆದರೆ ಪಕ್ಕದವರಿಗೆ ಚುಚ್ಚುವ ಭಯವಿಲ್ಲ.

ಮೊದಲು ಅಳತೆ. ಹೆಬ್ಬೆರಳು ಬಿಟ್ಟು ಗೆಣ್ಣಿನ ಮೇಲೆ ಟೇಪ್ ಸುತ್ತಿ. 16 ಸೆಂ.ಮೀ. ಕೈಗೆ 34 ಕುಣಿಕೆ, 18ಕ್ಕೆ 38, 20ಕ್ಕೆ 42. ಗ್ಲೌಸು ಕೈಗಿಂತ ಒಂದೂವರೆ ಸೆಂ.ಮೀ.ಯಷ್ಟು ಕಡಿಮೆಯೇ ಇರಬೇಕು, ಹಿಗ್ಗಿ ಕೂತರೆ ಮಾತ್ರ ಜಾರುವುದಿಲ್ಲ. ಈ ಲೆಕ್ಕ ಹೊಂದುವುದು 4 ಮಿ.ಮೀ. ಕಡ್ಡಿಯಲ್ಲಿ 10 ಸೆಂ.ಮೀ. ಅಗಲಕ್ಕೆ 22 ಕುಣಿಕೆ ಬಂದಾಗ. ಅದಕ್ಕೇ 30 ಕುಣಿಕೆಯ ಸಣ್ಣ ಚೌಕ ಹೆಣೆದು, ಅಂಚು ಬಿಟ್ಟು ನಡುವೆ ಎಣಿಸಿ. ನಿಮ್ಮ ಕೈ ಬಿಗಿಯಾಗಿ 24 ಬಂದರೆ 38 ಕುಣಿಕೆಯ ಗ್ಲೌಸು ಹೊಲಿದ ಮೇಲೆ 16.4 ಸೆಂ.ಮೀ. ಬದಲು 15ಕ್ಕೆ ಇಳಿಯುತ್ತದೆ, ರಕ್ತ ಕಟ್ಟುವಷ್ಟು ಬಿಗಿ. ಆಗ 4.5 ಮಿ.ಮೀ. ಕಡ್ಡಿಗೆ ಹೋಗಿ. 20 ಬಂದರೆ 3.75ಕ್ಕೆ ಇಳಿಯಿರಿ. ಕುಣಿಕೆಯ ಸಂಖ್ಯೆ ಮುಟ್ಟಬೇಡಿ, ಕಡ್ಡಿ ಬದಲಿಸಿ.

ಮುಂದಿನ ಲೆಕ್ಕವೆಲ್ಲ 38 ಕುಣಿಕೆಯದು. ಒಂದು ಮೀಟರ್ ಬಾಲ ಬಿಟ್ಟು 8 ನಂಬರ್ ಕಡ್ಡಿಯ ಮೇಲೆಯೇ ಕುಣಿಕೆ ಹಾಕಿ. ಸಣ್ಣ ಕಡ್ಡಿಯಲ್ಲಿ ಹಾಕಿದರೆ ಅಂಚು ಬಿಗಿಯಾಗಿ ಕೈ ಒಳಗೆ ಹೋಗದು. ಉಳಿದ ಬಾಲವನ್ನು ಕತ್ತರಿಸಬೇಡಿ, ಕೊನೆಯಲ್ಲಿ ಬದಿ ಹೊಲಿಯಲು ಅದೇ ಬೇಕು. ಈಗ 10 ನಂಬರ್ ಕಡ್ಡಿ ಹಿಡಿದು ಬಾರ್ಡರ್: ಹೊರಮೈ ಸಾಲಿನಲ್ಲಿ 2 ಸೀದಾ (ನಿಟ್), 2 ಉಲ್ಟಾ (ಪರ್ಲ್), ಹೀಗೇ ಹೋಗಿ ಕೊನೆಗೆ 2 ಸೀದಾ. ಒಳಮೈ ಸಾಲಿನಲ್ಲಿ 2 ಉಲ್ಟಾ, 2 ಸೀದಾ, ಕೊನೆಗೆ 2 ಉಲ್ಟಾ. ಎರಡೂ ತುದಿಯಲ್ಲಿ ಎರಡೆರಡು ಸೀದಾ ಬರುವಂತೆ ಇಟ್ಟದ್ದು ಬೇಕೆಂದೇ. ಹೊಲಿಗೆಯಲ್ಲಿ ಆಚೆಯದೊಂದು ಈಚೆಯದೊಂದು ಒಳಗೆ ಹೋಗಿ, ಉಳಿದೆರಡು ಸೇರಿ ಒಂದು ಪಟ್ಟಿಯಾಗುತ್ತದೆ, ಜೋಡಣೆ ಕಾಣುವುದೇ ಇಲ್ಲ. ಇಂಥ 18 ಸಾಲು.

8 ನಂಬರ್ ಕಡ್ಡಿಗೆ ಬದಲಿಸಿ, ಹೊರಮೈ ಪೂರ್ತಿ ಸೀದಾ, ಒಳಮೈ ಪೂರ್ತಿ ಉಲ್ಟಾ, 4 ಸಾಲು.

ಇನ್ನು ಹೆಬ್ಬೆರಳಿನ ಬುಡ. ಬದಿಯಲ್ಲಿ ಬರೀ ಒಂದು ತೂತು ಬಿಟ್ಟು ಹೊಲಿಯುವ ಸುಲಭದ ದಾರಿಯೂ ಇದೆ. ಆದರೆ ಹೆಬ್ಬೆರಳನ್ನು ಅಗಲಿಸಿದ ಕೂಡಲೇ ಅಂಥ ಗ್ಲೌಸು ಅಂಗೈ ಮೇಲೆ ಎಳೆಯುತ್ತದೆ, ಮಣಿಕಟ್ಟು ಮೇಲೇರುತ್ತದೆ. ಕೈಯ ಆ ಭಾಗ ಮಣಿಕಟ್ಟಿನಿಂದ ಮೇಲಕ್ಕೆ ಅಗಲವಾಗುತ್ತ ಹೋಗುತ್ತದಲ್ಲ, ಹೆಣಿಗೆಯೂ ಹಾಗೆಯೇ ಅಗಲವಾಗಬೇಕು.

18 ಸೀದಾ ಹೆಣೆದು ಗುರುತಿನ ದಾರ ಹಾಕಿ. ಒಂದು ಹೆಚ್ಚಿಸಿ, 2 ಸೀದಾ, ಇನ್ನೊಂದು ಹೆಚ್ಚಿಸಿ, ಮತ್ತೆ ಗುರುತು, ಉಳಿದ 18 ಸೀದಾ. ಹೆಚ್ಚಿಸುವುದೆಂದರೆ ಎರಡು ಕುಣಿಕೆಗಳ ನಡುವೆ ಅಡ್ಡ ಬಿದ್ದಿರುವ ಎಳೆಯನ್ನು ಎಡಗಡ್ಡಿಯಿಂದ ಎತ್ತಿ ಹೆಣೆಯುವುದು. ಮೊದಲನೆಯದನ್ನು ಮುಂದಿನಿಂದ ಹಿಂದಕ್ಕೆ ಎತ್ತಿ ಅದರ ಹಿಂಗಾಲಿನಲ್ಲಿ, ಅಂದರೆ ಕಡ್ಡಿಯ ಹಿಂದಿರುವ ಎಳೆಯಲ್ಲಿ ಹೆಣೆಯಿರಿ. ಎರಡನೆಯದನ್ನು ಹಿಂದಿನಿಂದ ಮುಂದಕ್ಕೆ ಎತ್ತಿ ಮುಂಗಾಲಿನಲ್ಲಿ, ಅಂದರೆ ಕಡ್ಡಿಯ ಮುಂದಿರುವ ಎಳೆಯಲ್ಲಿ. ಎಳೆ ತಿರುಚಿಕೊಂಡರೆ ಮಾತ್ರ ಬಿಗಿಯಾಗುತ್ತದೆ. ತಿರುಚದೆ ಹೆಣೆದರೆ ಪ್ರತಿ ಸಲವೂ ಒಂದು ಕಿಂಡಿ ಉಳಿಯುತ್ತದೆ.

ಮುಂದೆ 3 ಸಾಲು ಹೆಚ್ಚಿಸದೆ ಹೆಣೆದು, ನಾಲ್ಕನೆಯದರಲ್ಲಿ ಮತ್ತೆ ಎರಡೂ ಗುರುತುಗಳ ಒಳಬದಿಯಲ್ಲಿ ಒಂದೊಂದು ಹೆಚ್ಚಿಸಿ. ನಡುವಿನ ಲೆಕ್ಕ 4, 6, 8, 10, 12 ಎಂದು ಏರುತ್ತದೆ. 12 ಆದ ಮೇಲೆ ಒಂದು ಉಲ್ಟಾ ಸಾಲು. ಈಗ ಕಡ್ಡಿಯಲ್ಲಿ ಒಟ್ಟು 48 ಇರಬೇಕು. ಇಲ್ಲಿ ಕೈಗೆ ಸುತ್ತಿ ನೋಡಿ. ಹೆಬ್ಬೆರಳು, ತೋರುಬೆರಳಿನ ಸಂದಿಗೆ ಮುಟ್ಟದಿದ್ದರೆ ಇನ್ನೆರಡು ಸಾಲು ಸೇರಿಸಿ, ಇನ್ನೊಂದು ಗ್ಲೌಸಿಗೆ ನೆನಪಿರಲೆಂದು ಬರೆದಿಡಿ.

ಹೆಬ್ಬೆರಳು ಹೆಣೆಯಲು: 18 ಸೀದಾ, ಅವನ್ನು ಪಿನ್ನಿಗೆ ಹಾಕಿ. ನಡುವಿನ 12 ಸೀದಾ. ಉಳಿದ 18 ಇನ್ನೊಂದು ಪಿನ್ನಿಗೆ. ತಿರುಗಿಸಿ ಹೊಸದೊಂದು ಕುಣಿಕೆ ಹಾಕಿ 13 ಉಲ್ಟಾ, ಮತ್ತೆ ತಿರುಗಿಸಿ ಇನ್ನೊಂದು ಹಾಕಿ, ಒಟ್ಟು 14. ಇವುಗಳ ಮೇಲೆ ಎರಡು ಸೀದಾ ಎರಡು ಉಲ್ಟಾ ಬಾರ್ಡರ್ 4 ಸಾಲು ಹೆಣೆದು ಕುಣಿಕೆಗಳನ್ನು ಸಡಿಲವಾಗಿ ಮುಚ್ಚಿ (ಬೈಂಡ್ ಆಫ್). 25 ಸೆಂ.ಮೀ. ಬಿಟ್ಟು ಕತ್ತರಿಸಿ, ಹೆಬ್ಬೆರಳಿನ ಬದಿಯನ್ನು ಈಗಲೇ ಹೊಲಿಯಿರಿ. ಆಮೇಲೆ ಹೊಲಿಯಲು ಸೂಜಿಗೆ ಜಾಗ ಸಿಗುವುದಿಲ್ಲ.

ಹೊರಮೈ ಎದುರಿಗಿಟ್ಟು ಮೊದಲ 18ನ್ನು ಬಲಗಡ್ಡಿಗೆ ತನ್ನಿ. ಹೊಸ ದಾರ ಸೇರಿಸಿ ಹೆಬ್ಬೆರಳಿನ ಬುಡದಲ್ಲಿ 4 ಕುಣಿಕೆ ಎತ್ತಿಕೊಳ್ಳಿ, ಆಚೆಯ 18 ಸೀದಾ ಹೆಣೆಯಿರಿ. ಬೇಕಾದ್ದು ಎರಡೇ, ಆದರೆ ಎರಡನ್ನೇ ಎತ್ತಿದರೆ ಬುಡದ ಎರಡೂ ಮೂಲೆಯಲ್ಲಿ ತೂತು ಬೀಳುತ್ತದೆ. ಮುಂದಿನ ಸಾಲಿನಲ್ಲಿ 17 ಉಲ್ಟಾ, 2 ಸೇರಿಸಿ ಒಂದು, 2 ಉಲ್ಟಾ, 2 ಸೇರಿಸಿ ಒಂದು, 17 ಉಲ್ಟಾ: ಮತ್ತೆ 38. ಇನ್ನೂ 8 ಸಾಲು ಸೀದಾ-ಉಲ್ಟಾ, ಬಳಿಕ 10 ನಂಬರ್ ಕಡ್ಡಿಯಲ್ಲಿ 6 ಸಾಲು ಬಾರ್ಡರ್. ಮುಚ್ಚುವಾಗ ಬಲಗೈಗೆ 8 ನಂಬರ್ ಕಡ್ಡಿ ತೆಗೆದುಕೊಂಡು, ಸೀದಾ ಮೇಲೆ ಸೀದಾ, ಉಲ್ಟಾ ಮೇಲೆ ಉಲ್ಟಾ ಹೆಣೆಯುತ್ತಲೇ ಮುಚ್ಚಿ. ಹೆಚ್ಚಿನ ಗ್ಲೌಸುಗಳು ಬೆರಳಿಗೆ ಕುಟುಕುವುದು ಈ ಕೊನೆಯ ಸಾಲು ಬಿಗಿಯಾದದ್ದರಿಂದಲೇ.

ಬದಿಯ ಹೊಲಿಗೆಯನ್ನು ಹೊರಮೈಯಿಂದಲೇ ಹಾಕಿ. ಅಂಚಿನ ಕುಣಿಕೆ ಬಿಟ್ಟು ಒಳಗಿನ ಅಡ್ಡ ಎಳೆಯನ್ನು ಒಮ್ಮೆ ಆಚೆ, ಒಮ್ಮೆ ಈಚೆ ಹಿಡಿಯುತ್ತ ಹೋಗಿ, ನಾಲ್ಕೈದು ಸಾಲಿಗೊಮ್ಮೆ ಮೆಲ್ಲಗೆ ಎಳೆಯಿರಿ. ಎರಡನೆಯ ಗ್ಲೌಸನ್ನು ಟೇಪಿನಿಂದ ಅಳೆಯದೆ ಸಾಲು ಎಣಿಸಿಯೇ ಹೆಣೆಯಿರಿ. ಹೆಣಿಗೆ ಎಳೆದಂತೆ ಹಿಗ್ಗುವುದರಿಂದ ಟೇಪು ನಂಬಿದವರ ಜೋಡಿಯಲ್ಲಿ ಒಂದು ಉದ್ದ, ಒಂದು ಗಿಡ್ಡವಾಗುತ್ತದೆ.

ನಿಮ್ಮ ಉಲ್ಲನ್ ಅಕ್ರಿಲಿಕ್ (ಕೃತಕ ನೂಲು) ಆಗಿದ್ದರೆ ಗ್ಲೌಸಿಗೆ ಇಸ್ತ್ರಿ ಮುಟ್ಟಿಸಬೇಡಿ, ಶಾಖಕ್ಕೆ ಎಳೆ ಜೀವ ಕಳೆದುಕೊಂಡು ಜೋಲುತ್ತದೆ, ಬಾರ್ಡರ್ ಮತ್ತೆ ಹಿಡಿಯುವುದಿಲ್ಲ. ನಿಜವಾದ ಉಣ್ಣೆಯಾದರೆ ತಣ್ಣೀರಲ್ಲಿ ಉಜ್ಜದೆ ಅದ್ದಿ, ಟವೆಲ್‌ನಲ್ಲಿ ಒತ್ತಿ, ನೆರಳಲ್ಲಿ ಮಲಗಿಸಿ ಒಣಗಿಸಿ. ಮಳೆಗಾಲಕ್ಕೆ ಮುಂಚೆ ಪೂರ್ತಿ ಒಣಗಿಸಿ ನುಸಿಗುಳಿಗೆ ಜೊತೆ ಮುಚ್ಚಿದ ಡಬ್ಬದಲ್ಲಿಡಿ. ಕೊಂಕಣ ಕರಾವಳಿಯ ತೇವಕ್ಕೆ ಅಕ್ರಿಲಿಕ್ಕೇ ವಾಸಿ, ಅದನ್ನು ನುಸಿ ತಿನ್ನುವುದಿಲ್ಲ.